ಬರಿ ಫ್ರೇಮಿನಿಂದ ಕಟ್ಟಿದ ಹಳೆಯ ಮೌಂಟನ್ ಬೈಕ್: ಮಲೆನಾಡಿನ ದಾರಿಗೆ ಅದು ಎಷ್ಟು ಯೋಗ್ಯ?

1990ರ ದಶಕದ ಆರಂಭದ ಒಂದು ಕ್ರೋಮೋಲಿ ಸ್ಟೀಲ್ ಫ್ರೇಮ್ ಮತ್ತು ಅದರ ಜೊತೆಗೇ ಬಂದ ಶಾಕ್ ಇಲ್ಲದ ಫೋರ್ಕ್ ಇಟ್ಟುಕೊಂಡು, ಉಳಿದುದರಲ್ಲಿ ಕೆಲವನ್ನು ಶಿವಮೊಗ್ಗದ ಸೈಕಲ್ ಅಂಗಡಿಗಳಲ್ಲಿ ಕೊಂಡು, ಕೆಲವನ್ನು ಹೊರಗಿನಿಂದ ತರಿಸಿ, ಒಂದೆರಡನ್ನು ಲೇತ್‌ನಲ್ಲಿ ಮಾಡಿಸಿ ಪೂರ್ತಿಗೊಳಿಸಿದ ಮೌಂಟನ್ ಬೈಕಿನ ವಿಮರ್ಶೆ ಇದು. ತೀರ್ಪನ್ನು ಮೊದಲೇ ಹೇಳುತ್ತೇನೆ. ಮಲೆನಾಡಿನ ಮಣ್ಣುರಸ್ತೆ, ಅಡಿಕೆ ತೋಟದ ದಾರಿ, ಜಂಬಿಟ್ಟಿಗೆ ನೆಲದ ಗುಡ್ಡ, ಮಳೆಗಾಲದ ಕೆಸರು, ಇವೆಲ್ಲಕ್ಕೂ ಇಂಥ ಗೇರ್ ಸೈಕಲ್ ಇಂದಿಗೂ ಬಹಳ ಯೋಗ್ಯವಾದದ್ದು. ಆದರೆ ಆ ಯೋಗ್ಯತೆಯ ಬಹುಪಾಲು ತೀರ್ಮಾನವಾಗುವುದು ಮೊದಲ ಬಿಡಿಭಾಗವನ್ನು ಕೊಳ್ಳುವುದಕ್ಕೂ ಮುಂಚೆ, ಫ್ರೇಮನ್ನು ಅಳೆದು, ತೊಳೆದು, ಒಳಗೂ ಹೊರಗೂ ಸಿದ್ಧಪಡಿಸುವ ಹಂತದಲ್ಲಿ. ಹಾಗಾಗಿ ಈ ಬರಹದ ದೊಡ್ಡ ಪಾಲು ಫ್ರೇಮಿಗೇ ಮೀಸಲು.

ನನಗೆ ಸಿಕ್ಕ ಫ್ರೇಮಿನ ಮೇಲೆ ಹೆಸರಿರಲಿಲ್ಲ. ಯಾರೋ ಒಮ್ಮೆ ದಪ್ಪನೆಯ ಬಣ್ಣ ಬಳಿದು ಸ್ಟಿಕ್ಕರುಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಆದರೆ ಹಳೆಯ ಮೌಂಟನ್ ಬೈಕುಗಳ ಫ್ರೇಮು ತನ್ನ ಕಾಲವನ್ನು ಅಳತೆಗಳ ಮೂಲಕವೇ ಹೇಳುತ್ತದೆ. ಹಿಂದಿನ ಚಕ್ರ ಕೂರುವ ಜಾಗದ ಅಗಲ 135 ಮಿ.ಮೀ. ಇದ್ದರೆ ಅದು ಸಾಮಾನ್ಯವಾಗಿ 1990ರ ಈಚಿನದು. ಅದಕ್ಕಿಂತ ಹಳೆಯವು 130 ಅಥವಾ 126 ಮಿ.ಮೀ. ಇರುತ್ತವೆ. ಹಿಂದಿನ ಬ್ರೇಕಿನ ಗೂಟಗಳು ಪೆಡಲಿನ ಹತ್ತಿರ, ಕೆಳಗಿನ ಕೊಳವೆಗಳ ಅಡಿಯಲ್ಲಿದ್ದರೆ ಅದು 1980ರ ದಶಕದ ಉತ್ತರಾರ್ಧದ ಯು-ಬ್ರೇಕ್ ಕಾಲದ್ದು. ಆ ಜಾಗದಲ್ಲಿ ಕೆಸರು ತುಂಬಿಕೊಳ್ಳುವುದರಿಂದ ನಮ್ಮ ಮಳೆಗೆ ಅದು ಹೇಳಿಸಿದ್ದಲ್ಲ. ನನ್ನದರಲ್ಲಿ ಗೂಟಗಳು ಸೀಟಿನಿಂದ ಇಳಿಯುವ ಕೊಳವೆಗಳ ಮೇಲಿದ್ದವು. ಹ್ಯಾಂಡಲ್ ಕೂರುವ ತಲೆಕೊಳವೆಯ ಒಳ ಅಳತೆ 34 ಮಿ.ಮೀ. ಆಸುಪಾಸಿನಲ್ಲಿದ್ದುದರಿಂದ ಅದು 1 1/8 ಇಂಚಿನ ಹೆಡ್‌ಸೆಟ್ಟಿನದು, ಎಂದರೆ ಹ್ಯಾಂಡಲ್ ತಿರುಗಲು ಆಸರೆಯಾಗುವ ಬೇರಿಂಗ್ ಜೋಡಣೆಯದು, ಎಂದು ಖಚಿತವಾಯಿತು. ಈ ಅಳತೆ ಸಿಕ್ಕಿದ್ದು ಒಂದು ಸಮಾಧಾನ. ಅದೇ ಕಾಲದಲ್ಲಿ ಕೆಲವು ಕಂಪನಿಗಳು ಬಳಸಿದ 1 1/4 ಇಂಚಿನ ಹೆಡ್‌ಸೆಟ್ ಈಗ ಹುಡುಕಿದರೂ ಸಿಗುವುದು ಕಷ್ಟ, ಅಂಥ ಫ್ರೇಮ್ ಎಷ್ಟೇ ಚೆನ್ನಾಗಿದ್ದರೂ ಹೊಸಬರು ಕೊಳ್ಳಬಾರದು.

ಸೀಟ್ ಪೋಸ್ಟಿನ ಅಳತೆಯ ವಿಷಯದಲ್ಲಿ ಮಾರಿದವರ ಮಾತನ್ನು ನಂಬಬಾರದು. ನನಗೆ 27.2 ಮಿ.ಮೀ. ಎಂದು ಹೇಳಿ ಕೊಟ್ಟ ಫ್ರೇಮಿನ ಬಾಯಿಗೆ ವರ್ನಿಯರ್ ಹಿಡಿದಾಗ ಬಂದದ್ದು 26.8. ಈ 0.4 ಮಿ.ಮೀ. ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ದೊಡ್ಡ ಪೋಸ್ಟನ್ನು ಬಡಿದು ಇಳಿಸಿದರೆ ಕೊಳವೆ ಸೀಳುತ್ತದೆ, ಚಿಕ್ಕ ಪೋಸ್ಟನ್ನು ಬಿಗಿದು ನಿಲ್ಲಿಸಲು ಹೋದರೆ ಕ್ಲಾಂಪಿನ ಕಿವಿಗಳು ಬಾಗುತ್ತವೆ. ಈ ಅಳತೆಗೆ ಇನ್ನೊಂದು ಉಪಯೋಗವೂ ಇದೆ. ಸೀಟ್ ಕೊಳವೆಯ ಹೊರ ಅಳತೆ 28.6 ಮಿ.ಮೀ. ಇರುವ ಫ್ರೇಮುಗಳಲ್ಲಿ ಒಳಗೆ 27.2 ಹಿಡಿಸಿದರೆ ಕೊಳವೆಯ ಗೋಡೆ ತೆಳುವಾದದ್ದು, ಫ್ರೇಮ್ ಹಗುರವಾದದ್ದು ಎಂದು ಊಹಿಸಬಹುದು. ಅಳತೆ 26ರ ಕಡೆಗೆ ಇಳಿದಷ್ಟೂ ಗೋಡೆ ದಪ್ಪವಾಗುತ್ತದೆ. 26.8 ಎಂದರೆ ಮೇಲ್ಮಟ್ಟದ್ದೂ ಅಲ್ಲದ, ಅಗ್ಗದ್ದೂ ಅಲ್ಲದ ನಡುಮಟ್ಟದ ಫ್ರೇಮ್. ತೋಟ, ಗುಡ್ಡ ಎಂದು ತಿರುಗುವವರಿಗೆ ಈ ಮಟ್ಟವೇ ಒಳ್ಳೆಯದು ಎಂದು ನನಗನ್ನಿಸುತ್ತದೆ, ಏಕೆಂದರೆ ಸ್ವಲ್ಪ ದಪ್ಪ ಗೋಡೆ ಕಲ್ಲಿನ ಪೆಟ್ಟನ್ನೂ ತುಕ್ಕನ್ನೂ ಹೆಚ್ಚು ಕಾಲ ತಾಳುತ್ತದೆ. ತೈವಾನಿನ ಕಲ್ಲಾಯ್ ಕಂಪನಿ 0.2 ಮಿ.ಮೀ. ಅಂತರದಲ್ಲಿ ಹಲವು ಅಳತೆಗಳ ಸೀಟ್ ಪೋಸ್ಟುಗಳನ್ನು ಇಂದಿಗೂ ಮಾಡುತ್ತಿರುವುದರಿಂದ ಸರಿಯಾದುದನ್ನು ತರಿಸಿಕೊಳ್ಳಲು ತೊಂದರೆಯಾಗಲಿಲ್ಲ.

ಫ್ರೇಮ್ ನೆಟ್ಟಗಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಹಿಂದಿನ ಚಕ್ರದ ಒಂದು ಬದಿಯ ಕಚ್ಚಿನಲ್ಲಿ ಗಟ್ಟಿ ದಾರ ಕಟ್ಟಿ, ಅದನ್ನು ಮುಂದಿನ ತಲೆಕೊಳವೆಯ ಸುತ್ತ ತಂದು, ಇನ್ನೊಂದು ಬದಿಯ ಕಚ್ಚಿಗೆ ಬಿಗಿಯಾಗಿ ಕಟ್ಟಬೇಕು. ಆಗ ಸೀಟ್ ಕೊಳವೆಯಿಂದ ಎಡದ ದಾರಕ್ಕೂ ಬಲದ ದಾರಕ್ಕೂ ಇರುವ ಅಂತರ ಸಮನಾಗಿರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಅದಕ್ಕಿಂತ ಮಿಕ್ಕಿದರೆ ಹಿಂಭಾಗ ಒಂದು ಕಡೆಗೆ ವಾಲಿದೆ ಎಂದರ್ಥ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಗೇರ್ ಡಿರೇಲರ್ ತೂಗುವ ಕಿವಿಯನ್ನು ಪರೀಕ್ಷಿಸುವ ಉಪಾಯವೂ ಅಷ್ಟೇ ಸರಳವಾದದ್ದು. ಆ ಕಿವಿಯ ಥ್ರೆಡ್ 10 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ಚಿನದು, ಜಪಾನಿನ ಶಿಮಾನೋ ಕಂಪನಿಯ ಹಿಂಚಕ್ರದ ಹಬ್ಬುಗಳ (ಚಕ್ರದ ನಡುವಿನ ಗುಂಬಗಳ) ಆಕ್ಸಲ್ಲಿನದೂ ಅದೇ ಥ್ರೆಡ್. ಬೇರೊಂದು ಚಕ್ರದ ಆಕ್ಸಲನ್ನೇ ಆ ಕಿವಿಗೆ ತಿರುಗಿಸಿ ಕೂರಿಸಿದರೆ ಎರಡು ಚಕ್ರಗಳು ಅಕ್ಕಪಕ್ಕ ನಿಲ್ಲುತ್ತವೆ. ಅವೆರಡೂ ಸಮಾನಾಂತರವಾಗಿದ್ದರೆ ಕಿವಿ ಸರಿಯಾಗಿದೆ. ಬಾಗಿದ್ದರೆ ಆ ಚಕ್ರವನ್ನೇ ಹಿಡಿಯಾಗಿ ಮಾಡಿಕೊಂಡು ನಿಧಾನಕ್ಕೆ ಸರಿಪಡಿಸಬಹುದು. ಸ್ಟೀಲ್ ಫ್ರೇಮಿನಲ್ಲಿ ಇದು ಸಾಧ್ಯ. ಅಲ್ಯೂಮಿನಿಯಂ ಕಿವಿಗಳು ಹೀಗೆ ಬಾಗಿಸಿದರೆ ಮುರಿಯುವ ಅಪಾಯವಿದೆ.

ತುಕ್ಕಿನ ವಿಷಯಕ್ಕೆ ಹೆಚ್ಚು ಸ್ಥಳ ಕೊಡಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಬೀಳುವುದು ಅದರ ಸಣ್ಣ ಪಾಲು ಮಾತ್ರ. ಆದರೆ ತೀರ್ಥಹಳ್ಳಿ, ಹೊಸನಗರಗಳ ಕಡೆಗೆ ಹೋದಷ್ಟೂ ಗಾಳಿಯಲ್ಲಿನ ತೇವ ತಿಂಗಳುಗಟ್ಟಲೆ ಆರುವುದಿಲ್ಲ. ಕ್ರೋಮೋಲಿ ಎಂದರೆ ಸುಮಾರು ಶೇ. 1ರಷ್ಟು ಕ್ರೋಮಿಯಂ, ಶೇ. 0.2ರಷ್ಟು ಮಾಲಿಬ್ಡಿನಂ ಬೆರೆತ ಮಿಶ್ರಲೋಹದ ಉಕ್ಕು. ಕ್ರೋಮಿಯಂ ಇದೆ ಎಂದಮಾತ್ರಕ್ಕೆ ಅದು ಸ್ಟೇನ್‌ಲೆಸ್ ಆಗುವುದಿಲ್ಲ. ಈ ಪ್ರಮಾಣ ಬಲಕ್ಕಾಗಿ ಇರುವುದು, ತುಕ್ಕು ತಡೆಯಲು ಸಾಲದು. ಇಂಥ ಫ್ರೇಮುಗಳ ಕೊಳವೆಗಳು ಜೋಡಣೆಯ ತುದಿಗಳಲ್ಲಿ ಸುಮಾರು 0.9 ಮಿ.ಮೀ., ನಡುವೆ 0.6 ಮಿ.ಮೀ. ದಪ್ಪ ಇರುವುದು ಸಾಮಾನ್ಯ. ಅಷ್ಟು ತೆಳುವಾದ ಗೋಡೆಯನ್ನು ತುಕ್ಕು ಒಳಗಿನಿಂದ ತಿನ್ನುತ್ತ ಹೋದರೆ ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ಆದುದರಿಂದ ಕೊಳ್ಳುವ ಮೊದಲು ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಬೇಕು, ತೆಂಗಿನಕಾಯಿಯನ್ನು ತಟ್ಟಿ ನೋಡುವಂತೆ ಕೊಳವೆಗಳನ್ನು ಉದ್ದಕ್ಕೂ ಕೀಲಿಯಿಂದ ತಟ್ಟಿ ಕೇಳಬೇಕು. ಗಟ್ಟಿ ಕೊಳವೆ ಗಂಟೆಯ ಹಾಗೆ ಸ್ಪಷ್ಟವಾಗಿ ನುಡಿಯುತ್ತದೆ. ತಿಂದುಹೋದ ಜಾಗದಲ್ಲಿ ಸದ್ದು ಮಂಕಾಗುತ್ತದೆ.

ಹಳೆಯ ಬಣ್ಣ ತೆಗೆಸುವಾಗ ಮರಳು ಸಿಡಿಸುವವರಿಗೆ ಒರಟು ಮರಳು ಬೇಡವೆಂದು ಮೊದಲೇ ಹೇಳಬೇಕು, ಗೇಟು, ಗ್ರಿಲ್ಲುಗಳಿಗೆ ಬಳಸುವ ರಭಸ ಈ ತೆಳು ಕೊಳವೆಗೆ ಸಲ್ಲದು. ಪೌಡರ್ ಕೋಟಿಂಗ್ ಮಾಡಿಸಿದರೆ ಎಲ್ಲ ಥ್ರೆಡ್ಡುಗಳನ್ನೂ, ತಲೆಕೊಳವೆಯ ಎರಡು ಬಾಯಿಗಳನ್ನೂ, ಬ್ರೇಕ್ ಗೂಟಗಳನ್ನೂ ಮುಚ್ಚಿಸಿಯೇ ಕೊಡಬೇಕು; ಈ ಲೇಪ ದಪ್ಪವಾಗಿರುವುದರಿಂದ ಆಮೇಲೆ ಅದನ್ನು ಕೆರೆದು ತೆಗೆಯುವುದು ದೊಡ್ಡ ಕೆಲಸ. ನಾನು ಕಡುಹಸಿರು ಬಣ್ಣದ ಪೌಡರ್ ಕೋಟಿಂಗ್ ಆರಿಸಿದೆ, ಅದು ನಿರೀಕ್ಷೆಗೆ ತಕ್ಕಂತೆ ಬಂದಿದೆ. ಬಣ್ಣದ ನಂತರ ಕೊಳವೆಗಳ ಒಳಗೆ ಕುದಿಸಿದ ಅಗಸೆ ಎಣ್ಣೆ ಹೊಯ್ದು, ಫ್ರೇಮನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಹೆಚ್ಚಿನದು ಬಸಿದುಹೋಗುವಂತೆ ತೂಗುಹಾಕಬೇಕು. ಬಣ್ಣದ ಅಂಗಡಿಗಳಲ್ಲಿ ಸಿಗುವ ಈ ಎಣ್ಣೆ ಕೆಲವು ದಿನಗಳಲ್ಲಿ ಒಣಗಿ ಒಳಗೋಡೆಗೆ ಅಂಟು ಪದರವಾಗಿ ಕೂರುತ್ತದೆ. ವಿದೇಶಿ ಸ್ಪ್ರೇಗಳ ಬೆಲೆ ಕೊಡುವ ಅಗತ್ಯ ನಮ್ಮಲ್ಲಿಲ್ಲ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಬಿಡಿಸಿ ಹರಡಿ ಒಣಗಿಸಬೇಕು.

ಶಿವಮೊಗ್ಗದಲ್ಲಿ ಇಂಥ ಕೆಲಸಕ್ಕೆ ಕೈಹಾಕುವುದರ ದೊಡ್ಡ ಅನುಕೂಲವೆಂದರೆ ಲೇತ್. 1920ರ ದಶಕದಿಂದ ಕಬ್ಬಿಣದ ಕಾರ್ಖಾನೆ ನಡೆದ ಭದ್ರಾವತಿ ಪಕ್ಕದಲ್ಲೇ ಇದೆ, ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಉಕ್ಕು ತಿರುವುವ ಕೆಲಸ ಗೊತ್ತಿರುವವರು ಈ ಭಾಗದಲ್ಲಿ ವಿರಳವಲ್ಲ. ಹೆಡ್‌ಸೆಟ್ಟಿನ ಕಪ್ಪುಗಳನ್ನು (ಬೇರಿಂಗ್ ಕೂರುವ ಬಟ್ಟಲುಗಳನ್ನು) ಸುತ್ತಿಗೆಯಿಂದ ಹೊಡೆದು ಕೂರಿಸುವ ಅಭ್ಯಾಸ ನಮ್ಮ ಕಡೆ ಇದೆ. ಅದರಿಂದ ಕಪ್ಪು ಓರೆಯಾಗಿ ಕೂತು ತಲೆಕೊಳವೆಯ ಬಾಯಿ ಅಗಲವಾಗುತ್ತದೆ. ಅದಕ್ಕೆ ಬದಲಾಗಿ ಹಾರ್ಡ್‌ವೇರ್ ಅಂಗಡಿಯ ಉದ್ದನೆಯ ಥ್ರೆಡ್ ರಾಡ್ ಒಂದು, ಎರಡು ನಟ್ಟುಗಳು, ಕಪ್ಪಿನೊಳಗೆ ಹೊಂದಿ ಕೂರುವ ಮೆಟ್ಟಿಲಿರುವ ಎರಡು ಬಿಲ್ಲೆಗಳು ಇದ್ದರೆ ಸಾಕು. ಬಿಲ್ಲೆಗಳನ್ನು ತಿರುವಿಕೊಟ್ಟ ಲೇತ್‌ನವರು ಮೊದಲು ಕಪ್ಪನ್ನೇ ಕೈಗೆ ತೆಗೆದುಕೊಂಡು ನೋಡಿ, "ಬಾಲ್ಸ್ ಓಡೋ ಜಾಗಕ್ಕೆ ಒತ್ತು ಬೀಳಬಾರದು ಸಾರ್, ಅಂಚಿಗೆ ಮಾತ್ರ ಬೀಳೋ ಹಾಗೆ ಮೆಟ್ಟಿಲು ಕೊಡ್ತೀನಿ" ಎಂದರು. ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಅಳತೆಗಿಂತ ಅವರು ಕೊಟ್ಟ ಬಿಲ್ಲೆ ಉತ್ತಮವಾಗಿತ್ತು. ಸ್ಪ್ಯಾನರಿನಿಂದ ನಟ್ಟನ್ನು ಕಾಲು ಸುತ್ತಿನಂತೆ ಬಿಗಿಯುತ್ತ ಹೋದಾಗ ಕಪ್ಪು ಕೂದಲೆಳೆಯಷ್ಟೂ ಓರೆಯಾಗದೆ ಇಳಿಯಿತು. ಈ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಬಾಟಮ್ ಬ್ರಾಕೆಟ್ ಬಿಎಸ್‌ಎ ಥ್ರೆಡ್ಡಿನದು, ಎಂದರೆ 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಬಲಬದಿಯದು ಉಲ್ಟಾ ಥ್ರೆಡ್ ಎಂಬುದನ್ನು ನಮ್ಮ ಹಳೆಯ ಸೈಕಲ್ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಥ್ರೆಡ್ಡುಗಳಲ್ಲಿ ಬಣ್ಣ, ತುಕ್ಕು ಉಳಿದಿದ್ದರೆ ಅದನ್ನು ಬಿಡಿಸಲು ಹಳೆಯ ಸ್ಟೀಲ್ ಕಪ್ಪೊಂದರ ಥ್ರೆಡ್ಡಿಗೆ ಗರಗಸದಿಂದ ಅಡ್ಡ ಗೀರುಗಳನ್ನು ಕೊಯ್ದು, ಎಣ್ಣೆ ಹಚ್ಚಿ, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋದರೆ ಕಸವೆಲ್ಲ ಆ ಗೀರುಗಳಲ್ಲಿ ತುಂಬಿಕೊಂಡು ಹೊರಬರುತ್ತದೆ. ಒಳಗೆ ಕೂರಿಸಿದ್ದು ಶಿಮಾನೋದ ಯುಎನ್ 300 ಎಂಬ ಮೊಹರು ಮಾಡಿದ ಕಾರ್ಟ್ರಿಡ್ಜ್. ಬಿಡಿ ಬಾಲ್ಸ್ ಇರುವ ಹಳೆಯ ಬಗೆಯದನ್ನು ರಿಪೇರಿ ಮಾಡಬಹುದು ನಿಜ, ಆದರೆ ಸೀಟ್ ಕೊಳವೆಯಿಂದ ಇಳಿದ ಮಳೆನೀರೆಲ್ಲ ಬಂದು ಸೇರುವುದು ಇಲ್ಲಿಗೇ. ಹಾಗಾಗಿ ಈ ಒಂದು ಜಾಗದಲ್ಲಿ ಕಾಲಕ್ಕೆ ನಿಷ್ಠವಾಗಿರುವುದಕ್ಕಿಂತ ಮೊಹರು ಮಾಡಿದ್ದನ್ನು ಹಾಕುವುದು ವಿವೇಕ. ಆಕ್ಸಲ್ಲಿನ ಉದ್ದವನ್ನು ಮಾತ್ರ ಪೆಡಲ್ ಕೂರುವ ತೋಳಾದ ಕ್ರ್ಯಾಂಕಿಗೆ ಹೊಂದಿಸಿ ಆರಿಸಬೇಕು: 1980ರ ದಶಕದ ಕೊನೆಯ ಕ್ರ್ಯಾಂಕುಗಳಿಗೆ 122 ಮಿ.ಮೀ. ಸುಮಾರಿನದು ಬೇಕಾಗುತ್ತದೆ, 90ರ ದಶಕದ ನಡುವಿನವಕ್ಕೆ 107ರಿಂದ 113 ಸಾಕಾಗುತ್ತದೆ. ಚೌಕ ತುದಿಯ ಕ್ರ್ಯಾಂಕಿನ ಬೋಲ್ಟನ್ನು 35ರಿಂದ 50 ನ್ಯೂಟನ್ ಮೀಟರ್ ಬಿಗಿಯಬೇಕು. ಸಡಿಲ ಬಿಟ್ಟು ತುಳಿದರೆ ಕ್ರ್ಯಾಂಕಿನ ಚೌಕ ಕಣ್ಣು ಸವೆದು ಮತ್ತೆಂದೂ ಬಿಗಿಯಾಗಿ ನಿಲ್ಲುವುದಿಲ್ಲ.

ಚಕ್ರಗಳ ವಿಷಯ ನಿಜಕ್ಕೂ ಸಂತೋಷದ್ದು. ಮೌಂಟನ್ ಬೈಕಿನ 26 ಇಂಚಿನ ಚಕ್ರ ಬಂದದ್ದು ಅಮೆರಿಕದ ಹಳೆಯ ದಪ್ಪ ಟಯರಿನ ಸೈಕಲ್ಲುಗಳಿಂದ. ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ, ಟಮಲ್ಪಾಯಿಸ್ ಬೆಟ್ಟದ ಸುತ್ತಿನ ಇಳಿಜಾರುಗಳಲ್ಲಿ 1970ರ ದಶಕದಲ್ಲಿ ಅವುಗಳನ್ನು ಓಡಿಸುತ್ತಿದ್ದವರು, ಮುರಿದಂತೆಲ್ಲ ಬಲಪಡಿಸುತ್ತ, ಕೊನೆಗೆ ಅದಕ್ಕೆಂದೇ ಹೊಸ ಫ್ರೇಮುಗಳನ್ನು ಕಟ್ಟಿದರು. ಜೋ ಬ್ರೀಜ್ 1977ರಲ್ಲಿ ಕಟ್ಟಿದ್ದು ಅಂಥವುಗಳಲ್ಲಿ ಮೊದಲಿನದು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿ ಮಾರುಕಟ್ಟೆಗೆ ತಂದ ಸ್ಟಂಪ್‌ಜಂಪರ್ ಜನಸಾಮಾನ್ಯರ ಕೈಗೂ ಅದನ್ನು ತಲುಪಿಸಿತು. ಮುಂದೆ 27.5 ಮತ್ತು 29 ಇಂಚಿನ ಚಕ್ರಗಳು ಬಂದ ಮೇಲೆ ದುಬಾರಿ ಬೈಕುಗಳು 26ನ್ನು ಕೈಬಿಟ್ಟವು. ನಮ್ಮಲ್ಲಿ ಮಾತ್ರ ಹೈಸ್ಕೂಲು ಮಕ್ಕಳ ಗೇರ್ ಸೈಕಲ್ಲುಗಳು ಇಂದಿಗೂ 26 ಇಂಚಿನ ಮೇಲೆಯೇ ಓಡುತ್ತಿರುವುದರಿಂದ 26 x 1.95, 26 x 2.10 ಅಳತೆಯ ಟಯರು, ಟ್ಯೂಬುಗಳು ಶಿವಮೊಗ್ಗದಲ್ಲಷ್ಟೇ ಏಕೆ, ತೀರ್ಥಹಳ್ಳಿ, ಸಾಗರದ ಅಂಗಡಿಗಳಲ್ಲೂ ತೂಗುತ್ತಿರುತ್ತವೆ. ಕೊಳ್ಳುವಾಗ ಒಂದನ್ನು ನೆನಪಿಡಬೇಕು. ಮೌಂಟನ್ ಬೈಕಿನ ರಿಮ್ಮಿಗೆ ಟಯರ್ ಕೂರುವ ವ್ಯಾಸ 559 ಮಿ.ಮೀ., 26 x 1 3/8 ಎಂದು ಬರೆದಿರುವ ಟಯರಿನದು 590 ಮಿ.ಮೀ. ಎರಡರ ಮೇಲೂ 26 ಎಂದೇ ಇರುತ್ತದೆ, ಒಂದಕ್ಕೊಂದು ಹೊಂದುವುದಿಲ್ಲ.

ಸಿದ್ಧ ಚಕ್ರ ಕೊಳ್ಳುವವರು ಎರಡು ಅಂಶಗಳನ್ನು ಕಟ್ಟುನಿಟ್ಟಾಗಿ ನೋಡಬೇಕೆಂದು ನನ್ನ ಸಲಹೆ. ಮೊದಲನೆಯದು ರಿಮ್. ಕ್ರೋಮ್ ಲೇಪದ ಸ್ಟೀಲ್ ರಿಮ್ ಒದ್ದೆಯಾದಾಗ ಬ್ರೇಕ್ ಹಿಡಿಯುವುದೇ ಇಲ್ಲ ಎನ್ನುವಷ್ಟು ಜಾರುತ್ತದೆ. ಮಳೆಗಾಲದಲ್ಲಿ ಘಾಟಿ ಇಳಿಯುವವರಿಗೆ ಅದು ಪ್ರಾಣಾಪಾಯದ ವಸ್ತು. ಅಲ್ಯೂಮಿನಿಯಂ ರಿಮ್ಮೇ ಆಗಬೇಕು. ಎರಡನೆಯದು ಹಬ್. ಗೇರ್ ಚಕ್ರಗಳನ್ನು ಹಬ್ಬಿನ ಮೇಲೆ ಥ್ರೆಡ್ಡಿನಿಂದ ತಿರುಗಿಸಿ ಕೂರಿಸುವ ಫ್ರೀವೀಲ್ ಬಗೆಯಲ್ಲಿ ಬಲಬದಿಯ ಬೇರಿಂಗ್ ಬಹಳ ಒಳಗಿರುತ್ತದೆ. ಹೊರಗೆ ಚಾಚಿದ ಆಕ್ಸಲ್ಲಿಗೆ ಆಸರೆಯಿಲ್ಲದೆ, ಭಾರದ ಸವಾರರ ಕಲ್ಲುದಾರಿಯ ಪೆಟ್ಟಿಗೆ ಅದು ಬಾಗುತ್ತದೆ. ಗೇರ್ ಚಕ್ರಗಳ ಕಟ್ಟನ್ನು ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ ಬಗೆಯ ಶಿಮಾನೋ ಹಬ್ಬಿನಲ್ಲಿ ಬೇರಿಂಗ್ ಫ್ರೇಮಿನ ಅಂಚಿನ ಹತ್ತಿರವೇ ಇರುವುದರಿಂದ ಈ ತೊಂದರೆಯಿಲ್ಲ. 135 ಮಿ.ಮೀ. ಅಗಲದ ಇಂಥ ಹಬ್ಬುಗಳು ಈಗಲೂ ತಯಾರಾಗುತ್ತಿವೆ. ಏಳು ಹಲ್ಲುಚಕ್ರಗಳ ಕ್ಯಾಸೆಟ್ಟಿನ ಹಿಂದೆ 4.5 ಮಿ.ಮೀ. ಬಳೆಯೊಂದನ್ನು ಹಾಕಿದರೆ ಎಂಟು ಅಥವಾ ಒಂಬತ್ತರ ಹಬ್ಬಿನ ಮೇಲೂ ಸರಿಯಾಗಿ ಕೂರುತ್ತದೆ.

ಹಬ್ಬಿನ ಒಳಗೆ ಕೋನ್, ಕಪ್ಪು, ಬಿಡಿ ಬಾಲ್ಸ್ ಇರುವುದು ನಮ್ಮಂಥ ಊರಿನವರಿಗೆ ವರವೆಂದೇ ಹೇಳಬೇಕು. ಹಿಂದಿನ ಹಬ್ಬಿಗೆ ಬದಿಗೆ ಒಂಬತ್ತರಂತೆ ಕಾಲಿಂಚಿನ ಬಾಲ್ಸ್, ಮುಂದಿನದಕ್ಕೆ ಬದಿಗೆ ಹತ್ತರಂತೆ 3/16 ಇಂಚಿನವು. ಯಾವ ಸೈಕಲ್ ಅಂಗಡಿಯ ಡಬ್ಬಿಯಲ್ಲಾದರೂ ಸಿಗುತ್ತವೆ. ನನ್ನ ಚಕ್ರಗಳನ್ನು ಕಟ್ಟಿದ ಹಿರಿಯರು ಅಟ್ಲಾಸ್, ಹೀರೋ ಸೈಕಲ್ಲುಗಳ ಮೇಲೆಯೇ ಕೈ ಪಳಗಿಸಿಕೊಂಡವರು. ಅವರು 36 ಸ್ಪೋಕುಗಳನ್ನು ಮೂರು ದಾಟಿನ ಹೆಣಿಗೆಯಲ್ಲಿ ಕಟ್ಟಿ, ಫ್ರೇಮಿಗೇ ಚಕ್ರ ಸಿಕ್ಕಿಸಿ, ಬ್ರೇಕಿನ ಗೂಟಕ್ಕೆ ಹೆಬ್ಬೆರಳನ್ನು ಆತು ಹಿಡಿದು, ಉಗುರು ರಿಮ್ಮಿಗೆ ಸೋಕುವ ಜಾಗದಲ್ಲೆಲ್ಲ ಕೀಯನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಬೆಂಡ್ ತೆಗೆದರು. ಕೊನೆಗೆ ಎರಡೆರಡು ಸ್ಪೋಕುಗಳನ್ನು ಜೋಡಿಯಾಗಿ ಬಲವಾಗಿ ಹಿಂಡಿದಾಗ ಒಳಗೆ ಹೊರಳಿ ನಿಂತಿದ್ದ ಕಡ್ಡಿಗಳು ಚಿಟಚಿಟನೆ ಸದ್ದುಮಾಡಿ ಸಡಿಲಗೊಂಡವು, ಆಮೇಲೆ ಮತ್ತೊಮ್ಮೆ ಬಿಗಿತ ಸರಿಮಾಡಿದರು. ಈ ಹಿಂಡುವ ಹಂತವನ್ನು ಕಾರ್ಖಾನೆಯ ಅಗ್ಗದ ಚಕ್ರಗಳಲ್ಲಿ ಬಿಟ್ಟುಬಿಡುತ್ತಾರೆ, ಅದರಿಂದಲೇ ಅವು ಬೇಗ ಬೆಂಡಾಗುತ್ತವೆ. ಕಲ್ಲುದಾರಿಯ ಓಡಾಟದ ಬಳಿಕವೂ ಈ ಚಕ್ರಗಳಿಗೆ ಮತ್ತೆ ಕೀ ಹಿಡಿಯುವ ಅಗತ್ಯ ಬಂದಿಲ್ಲ.

ಗೇರಿಗೆ ಮುಂದೆ 46, 36, 24 ಹಲ್ಲಿನ ಮೂರು ಚಕ್ರಗಳನ್ನೂ ಹಿಂದೆ 34 ಹಲ್ಲಿನವರೆಗೆ ಹೋಗುವ ಏಳರ ಕ್ಯಾಸೆಟ್ಟನ್ನೂ ಇಟ್ಟಿದ್ದೇನೆ. 24 ಮತ್ತು 34 ಕೂಡಿದಾಗ ಪೆಡಲ್ ಒಂದು ಸುತ್ತಿಗೆ ಬೈಕ್ ಸುಮಾರು 1.46 ಮೀಟರ್ ಮಾತ್ರ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದು ಕಿ.ಮೀ.ಗಿಂತ ತುಸು ಹೆಚ್ಚಿನ ವೇಗ. ಕುಂದಾದ್ರಿಯ ಕಡಿದಾದ ರಸ್ತೆಯಲ್ಲಿ ಇಳಿದು ತಳ್ಳದೆ ಕೂತೇ ಹತ್ತಲು ಈ ಗೇರ್ ಬೇಕೇಬೇಕು. ಗೇರ್ ಬದಲಿಸುವ ಶಿಫ್ಟರುಗಳಾಗಿ ಹ್ಯಾಂಡಲ್ಲಿನ ಮೇಲೆ ಕೂರುವ, ಹೆಬ್ಬೆರಳಿನಿಂದ ದೂಡುವ ಸನ್‌ರೇಸ್ ಕಂಪನಿಯವನ್ನು ಆರಿಸಿದೆ. 1980ರ ದಶಕದ ಕೊನೆಯ ಶಿಮಾನೋ ಡಿಯೋರ್ ಎಕ್ಸ್‌ಟಿ ಹೆಬ್ಬೆರಳ ಶಿಫ್ಟರುಗಳು ಇನ್ನೂ ಸುಂದರವಾದವು, ಆದರೆ ಅವುಗಳ ಬೆಲೆ ಸಂಗ್ರಹಕಾರರ ಕೈಯಲ್ಲಿ ಏರಿಹೋಗಿದೆ. ಈ ಬಗೆಯ ಶಿಫ್ಟರಿನ ನಿಜವಾದ ಗುಣ ಇರುವುದು ಕ್ಲಿಕ್ಕನ್ನು ಬಿಟ್ಟು ಬರಿಯ ಘರ್ಷಣೆಯ ಮೇಲೆ ನಡೆಯುವಂತೆ ಮಾಡಬಹುದಾದ ಅನುಕೂಲದಲ್ಲಿ. ಕೇಬಲ್ಲಿಗೆ ಕೆಂಪು ಮಣ್ಣು ಹೊಕ್ಕು ಕ್ಲಿಕ್ ತಪ್ಪಿದರೂ, ಕಾಡಿನ ನಡುವೆ ಡಿರೇಲರ್ ತುಸು ಬಾಗಿದರೂ ಕಿವಿಗೊಟ್ಟು ಗೇರ್ ಹೊಂದಿಸಿಕೊಂಡು ಮನೆ ಸೇರಬಹುದು. 90ರ ದಶಕದ ಆರಂಭದ, ಹ್ಯಾಂಡಲ್ಲಿನ ಕೆಳಗೆ ಎರಡು ಗುಂಡಿ ಇರುವ ಬಗೆಯವನ್ನು ಹಳೆಯದಾಗಿ ಕೊಂಡರೆ ಒಳಗಿನ ಗ್ರೀಸ್ ಗಟ್ಟಿಯಾಗಿ ಹಲ್ಲು ಕಚ್ಚದಿರುವುದು ಸಾಮಾನ್ಯ. ಡೀಸೆಲ್ಲಿನಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟರೆ ಹಲವು ಮತ್ತೆ ನಡೆಯುತ್ತವೆ.

ಬ್ರೇಕಿನ ವಿಷಯದಲ್ಲಿ ಮನಸ್ಸು ಎರಡು ಕಡೆ ಎಳೆಯುತ್ತದೆ. ಈ ಫ್ರೇಮಿನ ಕಾಲಕ್ಕೆ ಸರಿಯಾದದ್ದು ಕ್ಯಾಂಟಿಲಿವರ್: ಎರಡು ತೋಳುಗಳನ್ನು ಕೂಡಿಸುವ ಅಡ್ಡ ತಂತಿಯನ್ನು ಮೇಲಿನಿಂದ ಮತ್ತೊಂದು ಕೇಬಲ್ ಎಳೆಯುತ್ತದೆ. ಅಡ್ಡ ತಂತಿ ಟಯರಿಗೆ ಹತ್ತಿರವಾಗಿ ಚಪ್ಪಟೆಯಾಗಿದ್ದಷ್ಟೂ ಹಿಡಿತ ಹೆಚ್ಚು, ಮೇಲೇರಿದಷ್ಟೂ ಕಡಿಮೆ. ಈ ಕೋನವನ್ನು ಹೊಂದಿಸುವುದು ತಾಳ್ಮೆಯ ಕೆಲಸ. 1996ರಲ್ಲಿ ಶಿಮಾನೋ ತಂದ ವಿ-ಬ್ರೇಕ್ ಅದೇ ಗೂಟಗಳ ಮೇಲೆ ಕೂರುತ್ತದೆ, ಹೊಂದಿಸುವುದು ಸುಲಭ, ಹಿಡಿತ ಹೆಚ್ಚು, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ವಿ-ಬ್ರೇಕಿಗೆ ಹೆಚ್ಚು ಉದ್ದ ಕೇಬಲ್ ಎಳೆಯುವ ಅದರದೇ ಲಿವರ್ ಬೇಕು. ಎರಡರ ಲಿವರುಗಳನ್ನು ಅದಲುಬದಲು ಮಾಡಿದರೆ ಒಂದು ಕಡೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಚಕ್ರ ನಿಲ್ಲಿಸುವುದಿಲ್ಲ, ಇನ್ನೊಂದು ಕಡೆ ಲಿವರ್ ಹಿಡಿಗೆ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ. ಅವಸರದ ಜೋಡಣೆಯಲ್ಲಿ ಆಗಾಗ ಕಾಣುವ ದೋಷ ಇದು, ಅಪಾಯಕಾರಿಯಾದದ್ದು. ನಾನು ಮುಂದಕ್ಕೆ ವಿ-ಬ್ರೇಕ್, ಹಿಂದಕ್ಕೆ ಕ್ಯಾಂಟಿಲಿವರ್ ಇಟ್ಟು, ಎರಡಕ್ಕೂ ತಕ್ಕ ಲಿವರುಗಳನ್ನು ಹಾಕಿದ್ದೇನೆ. ನೋಡುವವರಿಗೆ ಇದು ಶುದ್ಧವಲ್ಲ ಎನ್ನಿಸಬಹುದು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುವುದರಿಂದ ಮುಂದೆ ಬಲವಾದ ಬ್ರೇಕ್ ಇರುವುದೇ ಸರಿ ಎಂಬುದು ನನ್ನ ನಿಲುವು. ಬ್ರೇಕ್ ಶೂಗಳಿಗೆ ಮಾತ್ರ ಹಣ ಉಳಿಸಬಾರದು. ಕೂಲ್‌ಸ್ಟಾಪ್ ಕಂಪನಿಯ ಕಾವಿ ಬಣ್ಣದ ರಬ್ಬರು ಒದ್ದೆ ರಿಮ್ಮಿನ ಮೇಲೆ ಹಿಡಿಯುವ ರೀತಿಗೂ ಮಾಮೂಲಿ ಕಪ್ಪು ರಬ್ಬರಿಗೂ ಹೋಲಿಕೆಯೇ ಇಲ್ಲ.

ಕೇಬಲ್ಲಿನ ಹೊರಕವಚದ ಬಗ್ಗೆ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಬೇಕು. ಗೇರಿನ ಕವಚದಲ್ಲಿ ತಂತಿಗಳು ಉದ್ದಕ್ಕೆ ನೆಟ್ಟಗಿರುತ್ತವೆ, ಬ್ರೇಕಿನದರಲ್ಲಿ ಸುರುಳಿ ಸುತ್ತಿರುತ್ತವೆ; ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಸೀಳಿ ಹೋಗಬಹುದು. ಒಳತಂತಿ ಸ್ಟೇನ್‌ಲೆಸ್ ಆಗಿರಲಿ. ಹ್ಯಾಂಡಲ್, ಹಿಡಿ, ಪೆಡಲ್, ಸೀಟುಗಳೆಲ್ಲ ಅವರವರ ಮೈಗೆ ಒಗ್ಗುವಂಥವು, ಹೇಳುವಂಥದ್ದು ಹೆಚ್ಚಿಲ್ಲ.

ಈಗ ಓಟದ ವಿಷಯ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯ ಕಡೆಗೆ ತುಂಗೆಯ ಬದಿಯಲ್ಲಿ ಸಾಗುವ ಡಾಂಬರು ರಸ್ತೆಯಲ್ಲಿ ಈ ಬೈಕ್ ವೇಗದ್ದಲ್ಲ, 2.1 ಇಂಚಿನ ಟಯರು ಎಳೆಯುತ್ತದೆ, ಗುಂಯ್‌ಗುಡುತ್ತದೆ. ರಸ್ತೆ ಬಿಟ್ಟು ಒಳದಾರಿಗೆ ತಿರುಗಿದ ಕೂಡಲೇ ಅದರ ಸ್ವಭಾವ ಬೇರೆಯಾಗುತ್ತದೆ. ಆ ಕಾಲದ ಫ್ರೇಮುಗಳ ತಲೆಕೊಳವೆ ಸುಮಾರು 71 ಡಿಗ್ರಿ, ಸೀಟ್ ಕೊಳವೆ 73 ಡಿಗ್ರಿಯ ಓರೆಯಲ್ಲಿರುತ್ತಿದ್ದುದರಿಂದ ಹ್ಯಾಂಡಲ್ ಚುರುಕಾಗಿ ತಿರುಗುತ್ತದೆ. ಅಡಿಕೆ ಮರಗಳ ಸಾಲಿನ ನಡುವೆ, ಕಾಲುವೆಯ ಏರಿಯ ಮೇಲೆ, ಎರಡಡಿ ಅಗಲದ ದಾರಿಯಲ್ಲಿ ಈಗಿನ ಉದ್ದನೆಯ ಬೈಕುಗಳಿಗಿಂತ ಇದನ್ನು ನಡೆಸುವುದು ಸಲೀಸು. ಟಯರಿನ ಗಾಳಿಯನ್ನು 35ರಿಂದ 40 ಪಿಎಸ್‌ಐಗೆ ಇಳಿಸಿದರೆ ಬೇರುಗಳ ಮೇಲೆ, ಉರುಟು ಕಲ್ಲಿನ ಮೇಲೆ ಶಾಕ್ ಇಲ್ಲವೆಂಬುದು ಹೆಚ್ಚು ಬಾಧಿಸುವುದಿಲ್ಲ. ತುದಿಗೆ ಬಾಗಿದ ಫೋರ್ಕಿನ ತೆಳು ಕಾಲುಗಳು ತುಸು ಮಣಿಯುವುದು ಹ್ಯಾಂಡಲ್ಲಿನಲ್ಲಿ ತಿಳಿಯುತ್ತದೆ. ದಣಪೆ ದಾಟಿಸಲು, ಸಂಕದ ಮೇಲೆ ಹೊತ್ತು ನಡೆಯಲು ಮುಕ್ಕೋನದೊಳಗೆ ಹೆಗಲು ಕೊಡುವಷ್ಟು ಜಾಗವಿರುವುದು ದೊಡ್ಡ ಉಪಕಾರ.

ಕೊರತೆಗಳೂ ಇವೆ. ಕವಲೇದುರ್ಗದ ಕಡೆಯ ಉದ್ದನೆಯ ಕಲ್ಲಿನ ಇಳಿಜಾರುಗಳಲ್ಲಿ ಅಂಗೈ, ಮಣಿಕಟ್ಟು ನೋಯುತ್ತವೆ, ವೇಗವಾಗಿ ಇಳಿಯಬೇಕೆನ್ನುವವರಿಗೆ ಇದು ತಕ್ಕ ಬೈಕಲ್ಲ. ಹಾಗೆಂದು ಹೊಸ ಶಾಕ್ ಫೋರ್ಕ್ ಸಿಕ್ಕಿಸಲು ಹೋಗಬಾರದು. ಇದರ ಮೂಲ ಫೋರ್ಕಿನ ಎತ್ತರ ಸುಮಾರು 395 ಮಿ.ಮೀ., ಈಗಿನವು 450 ದಾಟುತ್ತವೆ. ಮುಂಭಾಗ ಅಷ್ಟು ಎದ್ದರೆ ಹ್ಯಾಂಡಲ್ಲಿನ ಚುರುಕೂ ಹೋಗುತ್ತದೆ, ತಲೆಕೊಳವೆಯ ಬೆಸುಗೆಗೂ ಹೆಚ್ಚಿನ ಒತ್ತಡ ಬೀಳುತ್ತದೆ. ಕೆಂಪು ಮಣ್ಣಿನ ಕೆಸರು ಬ್ರೇಕ್ ಶೂ ಮತ್ತು ರಿಮ್ಮಿನ ನಡುವೆ ಉಜ್ಜುಕಾಗದದಂತೆ ಕೆಲಸ ಮಾಡುವುದರಿಂದ ಅಲ್ಯೂಮಿನಿಯಂ ರಿಮ್ಮು ಡಿಸ್ಕ್ ಬ್ರೇಕಿನ ಬೈಕಿನದಕ್ಕಿಂತ ಬೇಗ ಸವೆಯುತ್ತದೆ. ರಿಮ್ಮಿನ ಬದಿಗೆ ಸ್ಕೇಲಿನ ಅಂಚು ಇಟ್ಟು ನೋಡಿದಾಗ ಗುಳಿ ಕಂಡರೆ ರಿಮ್ ಬದಲಿಸುವ ಕಾಲ ಬಂತೆಂದು ತಿಳಿಯಬೇಕು.

ಕೊಳ್ಳಲು ಯೋಚಿಸುತ್ತಿರುವವರಿಗೆ ಖರ್ಚಿನ ಬಗ್ಗೆ ಒಂದು ಮಾತು. ಫ್ರೇಮಿನ ಬೆಲೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಚಕ್ರಗಳು, ಗೇರು, ಬಣ್ಣ ಈ ಮೂರಕ್ಕೇ ಹೆಚ್ಚು ಹಣ ಹೋಗುತ್ತದೆ. ಹಾಗಾಗಿ ಅಗ್ಗವಾಗಿ ಸಿಕ್ಕಿತೆಂದು ದೋಷವಿರುವ ಫ್ರೇಮನ್ನು ಮನೆಗೆ ತರುವುದು ಬೇಡ. ತಲೆಕೊಳವೆಯ ಹಿಂದೆ, ಕೆಳಕೊಳವೆಯ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಮುಂಭಾಗಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಬೆಸುಗೆಯ ಪಕ್ಕದಲ್ಲಿ ಕೂದಲಿನಂಥ ಗೀರಿನಿಂದ ತುಕ್ಕು ಇಣುಕುತ್ತಿದ್ದರೆ ಅದು ಬಿರುಕು. ಗೇಟು ಬೆಸೆಯುವ ಆರ್ಕ್ ವೆಲ್ಡಿಂಗಿನಿಂದ ಈ ತೆಳು ಕೊಳವೆಯನ್ನು ಸರಿಪಡಿಸಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಸೀಟ್ ಪೋಸ್ಟನ್ನು ನಿಮ್ಮೆದುರಿಗೇ ಬಿಚ್ಚಿ ತೋರಿಸಲು ಹೇಳಬೇಕು. ಅಲ್ಯೂಮಿನಿಯಂ ಪೋಸ್ಟು ಸ್ಟೀಲ್ ಕೊಳವೆಯೊಳಗೆ ನಮ್ಮ ತೇವಕ್ಕೆ ಕಚ್ಚಿಕೊಂಡರೆ ಬೆಸೆದಂತೆಯೇ ನಿಂತುಬಿಡುತ್ತದೆ, ಅದನ್ನು ಹೊರತೆಗೆಯುವಷ್ಟರಲ್ಲಿ ಫ್ರೇಮೇ ಹಾಳಾಗಬಹುದು. ಕಟ್ಟಿದ ಬೈಕಿನಲ್ಲೂ ಪ್ರತಿವರ್ಷ ಮುಂಗಾರಿಗೆ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ ಪೋಸ್ಟನ್ನೂ ಹ್ಯಾಂಡಲಿನ ಸ್ಟೆಮ್ಮನ್ನೂ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಚ್ಚಿ ಕೂರಿಸಬೇಕು.